ಓವಿಯಲ್ಲಿ ಕ್ರಿಸ್ತಚರಿತೆ ಹಾಡಿಸಿದ ಫಾ. ಥಾಮಸ್ ಸ್ಟೀಫನ್ಸ್

ಕರಾವಳಿಯ ಕ್ರೈಸ್ತರಾದ ನಾವು ಕೃತಜ್ಞತೆಯಿಂದ ನೆನೆಯಬೇಕಾದವರು ಯೇಸುಸಭೆಯ ಧರ್ಮಗುರು ಫಾ. ಥಾಮಸ್ ಸ್ಟೀಫನ್ಸ್. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು 1579ರ ಅಕ್ಟೋಬರಿನಲ್ಲಿ ಗೋವೆಗೆ ಬಂದರು. ಸಾಷ್ಟಿಯ ಜನರ ನಡುವೆ ಬಾಳಿ ಕೊಂಕಣಿ, ಮರಾಠಿ ಕಲಿತರು.

ಹೊಸದಾಗಿ ಕ್ರೈಸ್ತರಾದವರಿಗೆ ಜಪಗಳಿದ್ದವು, ಧರ್ಮೋಪದೇಶವಿತ್ತು. ಆದರೆ ಹಿಂದೆ ಕೇಳುತ್ತಿದ್ದ ಪುರಾಣಗಳ ಜಾಗ ಬರಿದಾಗಿತ್ತು. ಇದನ್ನರಿತ ಸ್ಟೀಫನ್ಸರು ಮರಾಠಿ ಸಂತಕವಿಗಳ ಓವಿ ಛಂದಸ್ಸನ್ನೇ ಆರಿಸಿಕೊಂಡರು. ಓವಿಗೆ ನಾಲ್ಕು ಚರಣ. ಮೊದಲ ಮೂರಕ್ಕೆ ಅಂತ್ಯಪ್ರಾಸ. ನಾಲ್ಕನೆಯದು ಗಿಡ್ಡ, ಪ್ರಾಸವಿಲ್ಲದ್ದು. ಅಕ್ಷರಗಳ ಲೆಕ್ಕ ಬಿಗಿಯಲ್ಲ. ಆದ್ದರಿಂದ ಅದು ಆಡುಮಾತಿಗೆ ಹತ್ತಿರ, ಹಾಡಲು ಸುಲಭ. ಬೀಸುಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದುದೂ ಓವಿಯನ್ನೇ. ಸುಮಾರು 11 ಸಾವಿರ ಓವಿಗಳ 'ಕ್ರಿಸ್ತಪುರಾಣ' 1616ರಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. 1619ರಲ್ಲಿ ಅವರು ದೈವಾಧೀನರಾದರು.

1684ರಲ್ಲಿ ಪೋರ್ಚುಗೀಸ್ ಆಡಳಿತ ಸ್ಥಳೀಯ ಭಾಷೆಯನ್ನೇ ಹತ್ತಿಕ್ಕಲು ಆಜ್ಞೆ ಹೊರಡಿಸಿತು. ಕೃತಿಯ ಹಳೆಯ ಮುದ್ರಿತ ಪ್ರತಿಗಳು ಇಂದು ಸಿಗುವುದಿಲ್ಲ. ಆದರೆ ಓವಿಗಳು ಅಳಿಯಲಿಲ್ಲ. ಕೈಬರಹದ ಪ್ರತಿಗಳಲ್ಲೂ ಹಾಡುವವರ ನಾಲಿಗೆಯಲ್ಲೂ ಉಳಿದವು. ಆ ಕೈಬರಹಗಳ ಆಧಾರದಲ್ಲಿ 1907ರಲ್ಲಿ ಜೆ. ಎಲ್. ಸಲ್ಡಾನ್ಹಾ ಅವರು ನಮ್ಮ ಮಂಗಳೂರಿನಲ್ಲೇ ಕೃತಿಯನ್ನು ಮತ್ತೆ ಅಚ್ಚಿಗೆ ತಂದರು.

ಜನರ ಲಯದಲ್ಲಿ ಹೇಳಿದ ಮಾತು ಜನರಲ್ಲೇ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಹಾಡುವ ಹಳೆಯ ಭಕ್ತಿಗೀತೆಗಳನ್ನು ಮಕ್ಕಳಿಗೂ ಕಲಿಸೋಣ.