ನಾಲ್ಕನೇ ದರ್ಜೆ ಸಿಕ್ಕ ಥೀಸಿಸ್: ಸ್ವಾಂಟೆ ಅರ್ಹೀನಿಯಸ್

ಒಣ ಉಪ್ಪಿನಲ್ಲಿ ಕರೆಂಟ್ ಹರಿಯಲ್ಲ. ಡಿಸ್ಟಿಲ್ಡ್ ವಾಟರ್‌ನಲ್ಲೂ ಹೆಚ್ಚುಕಮ್ಮಿ ಹರಿಯಲ್ಲ. ಎರಡನ್ನೂ ಬೆರೆಸಿದರೆ ಮಾತ್ರ ಸಲೀಸಾಗಿ ಹರಿಯುತ್ತೆ. ಯಾಕೆ? ಪಿಯುಸಿ ಓದಿದ ಯಾರಾದರೂ ಇವತ್ತು ‘ಅಯಾನ್’ ಅಂತ ಥಟ್ಟನೆ ಹೇಳಿಬಿಡ್ತಾರೆ. ಆದರೆ 1884ರಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದವನ ಭವಿಷ್ಯವೇ ಮುಗಿದುಹೋಗುವುದರಲ್ಲಿತ್ತು.

ಸ್ವಾಂಟೆ ಅರ್ಹೀನಿಯಸ್ ಹುಟ್ಟಿದ್ದು 1859ರ ಫೆಬ್ರವರಿ 19ರಂದು, ಸ್ವೀಡನ್ನಿನ ಉಪ್ಸಾಲ ಪಟ್ಟಣದ ಹತ್ತಿರ. ಓದಿದ್ದು ಉಪ್ಸಾಲ ವಿಶ್ವವಿದ್ಯಾಲಯದಲ್ಲಿ. ಅಲ್ಲಿಯ ಪಾಠ ಹಿಡಿಸದೆ 1881ರಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿ, ಭೌತವಿಜ್ಞಾನಿ ಎಡ್ಲಂಡ್ ಅವರ ಬಳಿ ಕೆಲಸಕ್ಕೆ ಕೂತ. ಬೇರೆ ಬೇರೆ ದ್ರಾವಣಗಳನ್ನು ತೆಳುಮಾಡುತ್ತಾ ಅವುಗಳ ವಿದ್ಯುತ್ ವಾಹಕತೆ ಅಳೆಯುವುದೇ ಅವನ ಕೆಲಸ. ದ್ರಾವಣ ತೆಳುವಾದಷ್ಟೂ, ಕರಗಿದ ವಸ್ತುವಿನ ಹೆಚ್ಚು ಹೆಚ್ಚು ಪಾಲು ಕರೆಂಟ್ ಒಯ್ಯುವುದರಲ್ಲಿ ತೊಡಗುತ್ತೆ ಅಂತ ಥೀಸಿಸ್‌ನಲ್ಲಿ ವಾದಿಸಿದ.

ಉಪ್ಸಾಲದ ಪ್ರೊಫೆಸರುಗಳಿಗೆ ಇದು ರುಚಿಸಲಿಲ್ಲ. ಕೆಮಿಸ್ಟ್ರಿಯವರಿಗೆ ಇದು ಫಿಸಿಕ್ಸ್ ಅನ್ನಿಸಿತು, ಫಿಸಿಕ್ಸ್‌ನವರಿಗೆ ಕೆಮಿಸ್ಟ್ರಿ. ಥೀಸಿಸ್‌ಗೆ ಸಿಕ್ಕಿದ್ದು ನಾಲ್ಕನೇ ದರ್ಜೆ. ಅಷ್ಟು ಕಡಿಮೆ ದರ್ಜೆಗೆ ಅಲ್ಲಿ ಪಾಠ ಹೇಳುವ ಕೆಲಸ ಸಿಗೋದು ಕಷ್ಟ.

ಅರ್ಹೀನಿಯಸ್ ಸುಮ್ಮನೆ ಕೂರಲಿಲ್ಲ. ಥೀಸಿಸ್‌ನ ಪ್ರತಿಗಳನ್ನು ಹೊರದೇಶದ ವಿಜ್ಞಾನಿಗಳಿಗೆ ಕಳಿಸಿದ. ರೀಗಾದಲ್ಲಿದ್ದ ಓಸ್ಟ್‌ವಾಲ್ಡ್ ಅದನ್ನು ಓದಿ, ಅದೇ ವರ್ಷ ಉಪ್ಸಾಲಕ್ಕೇ ಬಂದು ಅವನನ್ನು ಭೇಟಿಯಾಗಿ, ತನ್ನಲ್ಲಿ ಕೆಲಸ ಕೊಡ್ತೀನಿ ಅಂದರು. ಆಮೇಲೆ ಉಪ್ಸಾಲದವರೂ ಅವನಿಗೊಂದು ಜಾಗ ಕೊಟ್ಟರು!

ಗಟ್ಟಿ ಪುರಾವೆ ಸಿಕ್ಕಿದ್ದು ಇನ್ನೊಂದು ಕಡೆಯಿಂದ. ನೀರಿಗೆ ಸಕ್ಕರೆ ಹಾಕಿದರೆ ಅದು ಹೆಪ್ಪುಗಟ್ಟುವ ತಾಪ ಇಳಿಯುತ್ತೆ. ಅಷ್ಟೇ ಮೋಲ್ ಉಪ್ಪು ಹಾಕಿದರೆ ಸುಮಾರು ಎರಡರಷ್ಟು ಇಳಿಯುತ್ತೆ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಮೂರರ ಹತ್ತಿರ. ವಾಂಟ್ ಹಾಫ್ ತಮ್ಮ ಸೂತ್ರಕ್ಕೆ ‘ಐ’ ಎಂಬ ಗುಣಕ ಸೇರಿಸಿ ಲೆಕ್ಕ ಸರಿಮಾಡಿದ್ದರು. ಅದರ ಅರ್ಥ ಹೇಳಿದ್ದು ಅರ್ಹೀನಿಯಸ್, 1887ರಲ್ಲಿ. ಸಕ್ಕರೆಯ ಅಣು ಇಡಿಯಾಗೇ ಉಳಿಯುತ್ತೆ, ಉಪ್ಪು ಎರಡು ಅಯಾನ್ ಆಗುತ್ತೆ, ಕ್ಯಾಲ್ಸಿಯಂ ಕ್ಲೋರೈಡ್ ಮೂರಾಗುತ್ತೆ. ಕರೆಂಟ್ ಬಂದು ಒಡೆಯಬೇಕಿಲ್ಲ, ಕರಗಿದಾಗಲೇ ಒಡೆದಿರುತ್ತೆ.

ಸೋಡಿಯಂ ನೀರಿಗೆ ಬಿದ್ದರೆ ಭಗ್ ಅನ್ನುತ್ತೆ, ಕ್ಲೋರಿನ್ ವಿಷಾನಿಲ. ಇವೆರಡೂ ಉಪ್ಪುನೀರಿನಲ್ಲಿ ತಣ್ಣಗೆ ಕೂತಿರೋದು ಹೇಗೆ ಅಂತ ಹಲವರು ನಕ್ಕರು. ಚಾರ್ಜ್ ಇರುವ ಅಯಾನ್ ಬೇರೆ, ಪರಮಾಣು ಬೇರೆ ಅನ್ನೋದು ಒಪ್ಪಿಗೆಯಾಗಲು ವರ್ಷಗಳೇ ಹಿಡಿದವು.

ಆತನ ಲೆಕ್ಕ ಎಲ್ಲ ಕಡೆಯೂ ಹೊಂದಲಿಲ್ಲ. ಅಸಿಟಿಕ್ ಆಸಿಡ್‌ನಂಥ ದುರ್ಬಲ ಎಲೆಕ್ಟ್ರೋಲೈಟ್‌ಗಳಿಗೆ ಸರಿಹೋದದ್ದು ಪ್ರಬಲವಾದವುಗಳಿಗೆ ಹೋಗಲಿಲ್ಲ. ಆ ತೊಡಕಿನ ಮೇಲೆ ಕಲ್ಕತ್ತೆಯ ಜ್ಞಾನಚಂದ್ರ ಘೋಷ್ ಕೆಲಸ ಮಾಡಿದರು. ಮುಂದೆ ಅವರೇ ನಮ್ಮ ಬೆಂಗಳೂರಿನ ಐಐಎಸ್‌ಸಿಗೆ ನಿರ್ದೇಶಕರಾಗಿ ಬಂದರು. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್, ಅಯಾನ್‌ಗಳ ನಡುವಿನ ಸೆಳೆತವನ್ನೂ ಲೆಕ್ಕಕ್ಕೆ ಸೇರಿಸಿ ಉತ್ತರ ಕೊಟ್ಟರು.

ನಮ್ಮ ಕೈನೆಟಿಕ್ಸ್ ಪಾಠದ ಅರ್ಹೀನಿಯಸ್ ಸಮೀಕರಣವೂ ಈತನದೇ, 1889ರದ್ದು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತು ಅಂತ 1896ರಲ್ಲೇ ಕೈಯಿಂದ ಲೆಕ್ಕ ಹಾಕಿದವನೂ ಈತನೇ.

1903ರಲ್ಲಿ ಅಯಾನ್ ಸಿದ್ಧಾಂತಕ್ಕೇ ಕೆಮಿಸ್ಟ್ರಿಯ ನೊಬೆಲ್ ಬಂತು. ಸ್ವೀಡನ್ನಿಗೆ ಅದು ಮೊದಲ ನೊಬೆಲ್. ಆಗ ನೊಬೆಲ್ ಕೆಮಿಸ್ಟ್ರಿ ಸಮಿತಿಯಲ್ಲಿ ಉಪ್ಸಾಲದ ಪ್ರೊಫೆಸರ್ ಕ್ಲೇವೆ ಇದ್ದರು. ಹತ್ತೊಂಬತ್ತು ವರ್ಷದ ಹಿಂದೆ ಆ ಥೀಸಿಸ್‌ಗೆ ಬೆಲೆ ಕೊಡದೇ ಇದ್ದ ಮೇಷ್ಟ್ರುಗಳಲ್ಲಿ ಅವರೂ ಒಬ್ಬರು.