ಗೊಲ್ಗೊಥಾದ ಕವಿ ಮಂಜೇಶ್ವರ ಗೋವಿಂದ ಪೈ



ಬೈಬಲ್ಲಿನಲ್ಲಿ ಇಲ್ಲದ್ದನ್ನು ಕಲ್ಪಿಸಿ ಯೇಸುಸ್ವಾಮಿಯ ಕತೆ ಬರೆಯಬಹುದೇ? ನಾಟಕ, ಸಿನಿಮಾ, ಕಾದಂಬರಿಗಳ ಮಾತು ಬಂದಾಗ ನಮ್ಮ ಅಮೃತಹಳ್ಳಿಯಂಥ ಊರುಗಳ ಕುಟುಂಬಗಳಲ್ಲೂ ಏಳಬಹುದಾದ ಪ್ರಶ್ನೆ ಇದು. ದೇವರ ವಾಕ್ಯಕ್ಕೆ ಮನುಷ್ಯನ ಕಲ್ಪನೆ ಬೆರೆಸುವುದು ಹಾಲಿಗೆ ನೀರು ಬೆರೆಸಿದಂತೆ ಎನ್ನುವವರುಂಟು. ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಕ್ರೈಸ್ತರಲ್ಲದ ಒಬ್ಬ ಕನ್ನಡ ಕವಿಯ ಬಾಳು ಈ ವಿಷಯದಲ್ಲಿ ನಮಗೊಂದು ದಾರಿ ತೋರುತ್ತದೆ.

ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು, ಕರಾವಳಿಯ ಗೌಡ ಸಾರಸ್ವತ ಮನೆತನದಲ್ಲಿ. ಮನೆಮಾತು ಕೊಂಕಣಿ. ಮಂಗಳೂರಿನಲ್ಲಿ ಶಾಲೆ ಮುಗಿಸಿ ಮದರಾಸಿಗೆ ಕಾಲೇಜಿಗೆ ಹೋದರು. ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡರು. ಹಿರಿಯ ಮಗನಾಗಿ ಊರಿಗೆ ಮರಳಬೇಕಾಯಿತು. ಪರೀಕ್ಷೆ ಪೂರ್ತಿಯಾಗದಿದ್ದರೂ ಬರೆದಿದ್ದ ಇಂಗ್ಲಿಷ್ ವಿಷಯದಲ್ಲಿ ಚಿನ್ನದ ಪದಕ ಬಂತು. ಪದವಿ ಕೈತಪ್ಪಿತು, ವಿದ್ಯೆ ಕೈಬಿಡಲಿಲ್ಲ. ಮಂಜೇಶ್ವರದ ಮನೆಯನ್ನೇ ಗ್ರಂಥಾಲಯವಾಗಿಸಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಕಲಿತರು. 1911ರಲ್ಲಿ ಅವರು ಪ್ರಾಸವನ್ನು ಬಿಟ್ಟು ಕವಿತೆ ಬರೆಯತೊಡಗಿದ್ದು ಕನ್ನಡ ಕಾವ್ಯಕ್ಕೆ ಹೊಸ ಹಾದಿಯಾಯಿತು. ಪತ್ನಿಯ ಅಗಲಿಕೆಯ ದುಃಖ 'ನಂದಾದೀಪ'ದ ಕವನಗಳಾಯಿತು.

ನೋವು ಕಂಡ ಈ ಕವಿ 'ಗೊಲ್ಗೊಥಾ' ಎಂಬ ಖಂಡಕಾವ್ಯ ಪ್ರಕಟಿಸಿದರು. ಅದರ ವಸ್ತು ಯೇಸುವಿನ ಕಡೆಯ ದಿನ. ಮುಂದೆ 'ವೈಶಾಖಿ'ಯಲ್ಲಿ ಬುದ್ಧನ ಕಡೆಯ ದಿನವನ್ನು ಹಾಡಿದರು. ಪರಧರ್ಮದ ಕತೆ ತಮಗೇಕೆ ಎಂದು ಅವರು ಕೈಕಟ್ಟಿ ಕೂರಲಿಲ್ಲ. ನೀತಿವಂತನೊಬ್ಬನ ಸಾವು ಎಲ್ಲ ಮನುಷ್ಯರಿಗೂ ಸೇರಿದ್ದೆಂಬಂತೆ ಬರೆದರು.

ಶುಭಸಂದೇಶಕಾರರು ಬಹಳ ಮಿತಭಾಷಿಗಳು. ಸ್ವಾಮಿಯನ್ನು ಶಿಲುಬೆಗೇರಿಸಿದ ಸಂಗತಿಯನ್ನು ಕೆಲವೇ ಪದಗಳಲ್ಲಿ ಹೇಳಿ ಮುಗಿಸುತ್ತಾರೆ. ಪಿಲಾತನ ಹೆಂಡತಿಯ ಕನಸಿಗೆ ಮತ್ತಾಯನು ಕೊಟ್ಟದ್ದು ಒಂದೇ ವಾಕ್ಯ. ಆ ಮೌನದಲ್ಲೇ ಕವಿಗೂ ಭಕ್ತನಿಗೂ ನಿಲ್ಲಲು ಜಾಗವಿದೆ. ನಮ್ಮ ಶಿಲುಬೆ ಹಾದಿಯನ್ನೇ ನೋಡಿ. ಸ್ವಾಮಿ ಮೂರು ಬಾರಿ ಬಿದ್ದದ್ದು, ದಾರಿಯಲ್ಲಿ ಮಾತೆ ಮರಿಯಳನ್ನು ಕಂಡದ್ದು, ವೆರೋನಿಕ ಮುಖ ಒರೆಸಿದ್ದು, ಇವು ಯಾವ ಶುಭಸಂದೇಶದಲ್ಲೂ ಇಲ್ಲ. 1991ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಕೇವಲ ಶುಭಸಂದೇಶಗಳನ್ನು ಆಧರಿಸಿದ ಶಿಲುಬೆ ಹಾದಿಯನ್ನು ಆಚರಿಸಿದರು. ಆದರೂ ಹಳೆಯದನ್ನು ತೆಗೆದುಹಾಕಲಿಲ್ಲ. ಜೋಕಿಂ ಮತ್ತು ಅನ್ನಮ್ಮನವರ ಹೆಸರುಗಳೂ ಬೈಬಲ್ಲಿಗೆ ಸೇರದ ಹಳೆಯ ಗ್ರಂಥದಿಂದ ಬಂದವು. ಜುಲೈ 26ರಂದು ನಾವು ಅವರ ಹಬ್ಬ ಆಚರಿಸುತ್ತೇವೆ. 1616ರಲ್ಲಿ ಗೋವೆಯಲ್ಲಿ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರು 'ಕ್ರಿಸ್ತಪುರಾಣ'ವನ್ನು ಪ್ರಕಟಿಸಿದಾಗಲೂ ಕಾವ್ಯವು ಭಕ್ತಿಯ ಸೇವೆ ಮಾಡಿತು.

ಹಾಗೆಂದು ಕಲ್ಪನೆಗೆ ಕಡಿವಾಣ ಬೇಡವೇ? ಖಂಡಿತ ಬೇಕು. ಪೈಗಳು ಕವಿಯಷ್ಟೇ ಅಲ್ಲ, ಸಂಶೋಧಕರೂ ಹೌದು. ಶಾಸನ, ಕಾಲನಿರ್ಣಯಗಳಲ್ಲಿ ತಲೆ ಹುದುಗಿಸಿ ಒಂದೊಂದು ತೇದಿಗೂ ಆಧಾರ ಹುಡುಕಿದವರು. ಸಂಶೋಧನೆಯನ್ನು ಸಂಶೋಧನೆಯೆಂದೂ ಕಾವ್ಯವನ್ನು ಕಾವ್ಯವೆಂದೂ ಓದುಗರ ಮುಂದಿಟ್ಟರು. ಕಾವ್ಯವನ್ನು ಐದನೆಯ ಶುಭಸಂದೇಶವೆಂದು ಯಾರೂ ಭ್ರಮಿಸಬೇಕಿಲ್ಲ. ದೇವರ ಪ್ರಕಟಣೆ ಪ್ರೇಷಿತರ ಕಾಲಕ್ಕೆ ಪೂರ್ಣಗೊಂಡಿತೆಂಬುದು ಧರ್ಮಸಭೆಯ ಬೋಧನೆ. ಕವಿ ಅದಕ್ಕೆ ಏನನ್ನೂ ಕೂಡಿಸಲಾರ, ನಮ್ಮ ಎದೆಯನ್ನು ಅದರ ಹತ್ತಿರ ಒಯ್ಯಬಲ್ಲ.

ಇನ್ನೊಂದು ಎಚ್ಚರವೂ ಬೇಕು. ಯೂರೋಪಿನಲ್ಲಿ ಸ್ವಾಮಿಯ ಯಾತನೆಯ ನಾಟಕಗಳು ಎಷ್ಟೋ ಸಲ ಯೆಹೂದ್ಯರನ್ನು ದುಷ್ಟರಂತೆ ಚಿತ್ರಿಸಿ ದ್ವೇಷಕ್ಕೆ ಎಣ್ಣೆ ಹೊಯ್ದವು. ಆ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಆದ್ದರಿಂದ ಕತೆ ಹೆಚ್ಚಿಸಿ ಬರೆದರೇ ಎಂದಷ್ಟೇ ಕೇಳಿದರೆ ಸಾಲದು. ಓದಿದ ಮೇಲೆ ನೆರೆಯವನ ಮೇಲಿನ ಪ್ರೀತಿ ಹೆಚ್ಚಿತೇ, ಹಗೆ ಹೆಚ್ಚಿತೇ ಎಂದು ಕೇಳಬೇಕು.

1949ರಲ್ಲಿ ಮದರಾಸು ಸರ್ಕಾರ ಪೈಗಳಿಗೆ ರಾಷ್ಟ್ರಕವಿ ಬಿರುದು ನೀಡಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರಲ್ಲಿ ಅವರ ಮಂಜೇಶ್ವರ ಕೇರಳಕ್ಕೆ ಸೇರಿತು. 1963ರ ಸೆಪ್ಟೆಂಬರ್ 6ರಂದು ಅವರು ಕಣ್ಮುಚ್ಚಿದರು.

ತಂದೆತಾಯಂದಿರೇ, ಮಕ್ಕಳು ಬೈಬಲ್ ಕತೆಯ ಸಿನಿಮಾ ನೋಡಿದರೆ ಗದರಬೇಡಿ. ಅಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಅದೇ ಭಾಗವನ್ನು ಪವಿತ್ರ ಗ್ರಂಥದಿಂದ ಓದಿಸಿ. ಯಾವುದು ಶುಭಸಂದೇಶ, ಯಾವುದು ಕಲ್ಪನೆ ಎಂದು ಅವರೇ ಗುರುತಿಸಲಿ. ಬರುವ ತಪಸ್ಸುಕಾಲದಲ್ಲಿ ಮೊದಲು ಲೂಕನನ್ನು ಓದಿ, ಬಳಿಕ 'ಗೊಲ್ಗೊಥಾ' ಓದಿ. ನಮ್ಮ ಪ್ರಭುವಿನ ಯಾತನೆಯನ್ನು ನೆರೆಮನೆಯ ಅಣ್ಣನೊಬ್ಬ ಇಷ್ಟು ಗೌರವದಿಂದ ಕನ್ನಡಕ್ಕೆ ತಂದಿರುವಾಗ, ನಾವೇ ಅದನ್ನು ಓದದೆ ಉಳಿಯುವುದು ಸರಿಯಲ್ಲ.