ಕ್ಲಾರಾ ಬೋ: ಮೂಕಿಚಿತ್ರದ ಅಂಗಡಿ ಹುಡುಗಿ

ಮೂಕಿಚಿತ್ರಗಳ ಕಾಲದ ಹಾಸ್ಯವೆಂದರೆ ಚಾಪ್ಲಿನ್, ಕೀಟನ್, ಲಾಯ್ಡ್ ಎಂಬ ಮೂವರು ನಟರ ಹೆಸರುಗಳನ್ನು ಹೇಳಿ ಮುಗಿಸುವುದು ವಾಡಿಕೆಯಾಗಿದೆ. ನಟಿಯರ ವಿಷಯದಲ್ಲಿ ಚರಿತ್ರೆಕಾರರು ಅಷ್ಟು ಉದಾರಿಗಳಲ್ಲ. 1928 ಮತ್ತು 1929ರಲ್ಲಿ ಅಮೆರಿಕೆಯ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಜನರನ್ನು ಸೆಳೆದವಳೆಂದು ಪ್ರದರ್ಶಕರೇ ಒಪ್ಪಿದ್ದ ಕ್ಲಾರಾ ಬೋ, ಆ ಬಳಿಕ ಬಹುಕಾಲ ಬರಿಯ ಬಿರುದಾಗಿ ಉಳಿದುಬಂದುದು ಇದಕ್ಕೆ ನಿದರ್ಶನ.

ಆಕೆ ಹುಟ್ಟಿದ್ದು 1905ರ ಜುಲೈ 29ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಕಡುಬಡತನದಲ್ಲಿ. ಆಕೆಗಿಂತ ಮೊದಲು ಹುಟ್ಟಿದ ಇಬ್ಬರು ಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದವು. ತಾಯಿಗೆ ಅಪಸ್ಮಾರದ ಜೊತೆಗೆ ಮನೋವಿಕಾರವೂ ಇತ್ತು. ಮಗಳು ನಟಿಯಾಗುವುದನ್ನು ಸಹಿಸದ ಆ ತಾಯಿ ಒಂದು ರಾತ್ರಿ ನಿದ್ದೆಯಲ್ಲಿದ್ದ ಮಗಳ ಕೊರಳಿಗೆ ಕತ್ತಿ ಹಿಡಿದಳು. ಆ ಭಯದಿಂದ ಹತ್ತಿದ ನಿದ್ರಾಹೀನತೆ ಕ್ಲಾರಾಳನ್ನು ಕೊನೆಯವರೆಗೂ ಬಿಡಲಿಲ್ಲ. 1921ರಲ್ಲಿ ಚಲನಚಿತ್ರ ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಗೆದ್ದು ಮೊದಲ ಪಾತ್ರ ದೊರೆತರೂ ಆ ದೃಶ್ಯಗಳನ್ನು ಕತ್ತರಿಸಿಯೇ ಚಿತ್ರವನ್ನು ಬಿಡುಗಡೆ ಮಾಡಲಾಯಿತು. 1923ರಲ್ಲಿ ತಾಯಿ ತೀರಿಕೊಂಡಳು. ಅದೇ ವರ್ಷ ಆಕೆ ಹಾಲಿವುಡ್‌ಗೆ ತೆರಳಿದಳು.

1927ರಲ್ಲಿ ಪ್ಯಾರಮೌಂಟ್ ಸಂಸ್ಥೆಯ 'ಇಟ್' ತೆರೆಕಂಡಿತು. ನಿರ್ದೇಶಕ ಕ್ಲಾರೆನ್ಸ್ ಬ್ಯಾಡ್ಜರ್. ಶೀರ್ಷಿಕೆ ಲೇಖಕಿ ಎಲಿನಾರ್ ಗ್ಲಿನ್ ಅವರದು. ಕನ್ನಡದಲ್ಲಿ 'ಅದು' ಎಂದಷ್ಟೇ ಆಗುವ ಈ ಸರ್ವನಾಮವನ್ನು ಅವರು ವ್ಯಕ್ತಿಯೊಬ್ಬರಲ್ಲಿರುವ ವಿವರಿಸಲಾಗದ ಆಕರ್ಷಣೆಗೆ ಹೆಸರಾಗಿ ಬಳಸಿದರು. ಚಿತ್ರದ ಕಥೆಗೂ ಅವರ ಮೂಲ ಕಥೆಗೂ ಹೆಚ್ಚಿನ ಸಂಬಂಧವಿಲ್ಲ.

ದೊಡ್ಡ ಮಳಿಗೆಯೊಂದರಲ್ಲಿ ಸರಕು ಮಾರುವ ಬೆಟ್ಟಿ ಲೂ ಮಳಿಗೆಯ ಒಡೆಯನನ್ನೇ ಮೆಚ್ಚುತ್ತಾಳೆ. ರಿಟ್ಜ್ ಹೋಟೆಲಿನ ಊಟಕ್ಕೆ ತಕ್ಕ ಉಡುಪಿಲ್ಲದೆ, ಕೆಲಸಕ್ಕೆ ಉಡುವ ಬಟ್ಟೆಯನ್ನೇ ಕತ್ತರಿಸಿ ಸಂಜೆಯ ಉಡುಪಾಗಿಸಿಕೊಳ್ಳುತ್ತಾಳೆ. ಪ್ರೇಕ್ಷಕರು ನಗುವುದು ಇಲ್ಲಿ. ಬಡವರ ಮನೆಯ ಕತ್ತರಿ ಕಾಣಿಸುವುದೂ ಇಲ್ಲಿಯೇ. ಅಸ್ವಸ್ಥಳಾದ ಗೆಳತಿಯ ಮಗುವನ್ನು ಸಮಾಜಸೇವೆಯ ಹೆಸರಿನಲ್ಲಿ ಒಯ್ಯಲು ಬಂದವರೆದುರು ಅದು ತನ್ನದೇ ಎಂದು ಬೆಟ್ಟಿ ಸುಳ್ಳು ಹೇಳುತ್ತಾಳೆ. ಅದನ್ನು ನಂಬಿದ ಒಡೆಯ ಒಡವೆ, ಐಷಾರಾಮಗಳನ್ನು ಕೊಡಲು ಮುಂದಾಗುತ್ತಾನೆಯೇ ಹೊರತು ವಿವಾಹದ ಮಾತೆತ್ತುವುದಿಲ್ಲ. ಆ ಕೊಡುಗೆಯ ಅರ್ಥ ಹೊಳೆದ ಕ್ಷಣದಲ್ಲಿ ನಗು ಆರಿ ಅವಮಾನ ಮೂಡುವ ಬಗೆಯನ್ನು ಬೋ ಕೇವಲ ಕಣ್ಣುಗಳಿಂದ ತೋರಿಸಿದ್ದಾಳೆ. ಚಿತ್ರದ ಗಟ್ಟಿಭಾಗ ಇದೇ. ವಿಹಾರನೌಕೆಯ ಅಪಘಾತದಿಂದ ಪ್ರೇಮಿಗಳನ್ನು ಕೂಡಿಸುವ ಮುಕ್ತಾಯ ಆ ಕಾಲದ ರೂಢಿಗೆ ಸಂದ ಕಾಣಿಕೆಯಷ್ಟೆ.

ಅದೇ ವರ್ಷದ 'ವಿಂಗ್ಸ್' ಮೊದಲ ಆಸ್ಕರ್ ಸಮಾರಂಭದಲ್ಲಿ ಶ್ರೇಷ್ಠ ಚಿತ್ರವೆನಿಸಿತು. ಆದರೆ ಜನರ ಬಾಯಲ್ಲಿ ಉಳಿದದ್ದು 'ಇಟ್ ಗರ್ಲ್' ಎಂಬ ಬಿರುದು.

ಬ್ರೂಕ್ಲಿನ್ ಉಚ್ಚಾರಣೆಯಿಂದಾಗಿ ವಾಕ್ಚಿತ್ರದಲ್ಲಿ ಆಕೆ ಸೋತಳೆಂಬ ಮಾತು ಪ್ರಚಲಿತವಾಗಿದೆ. ಇದನ್ನು ಒಪ್ಪುವುದು ಕಷ್ಟ. ಡೊರೊತಿ ಆರ್ಜ್ನರ್ ನಿರ್ದೇಶನದ 'ದಿ ವೈಲ್ಡ್ ಪಾರ್ಟಿ' (1929) ಆಕೆಯ ಮೊದಲ ವಾಕ್ಚಿತ್ರ. ಅದಕ್ಕೆ ಜನ ಬಂದರು. ಆಕೆ ಕಳೆದುಕೊಂಡದ್ದು ಓಡಾಟದ ಸ್ವಾತಂತ್ರ್ಯವನ್ನು. ಕ್ಯಾಮೆರಾ ನಟಿಯನ್ನು ಹಿಂಬಾಲಿಸುತ್ತಿದ್ದ ಕಾಲದಲ್ಲಿ ಬೆಳೆದವಳು ಈಗ ಧ್ವನಿಗ್ರಾಹಕಕ್ಕೆ ಕಟ್ಟುಬಿದ್ದು ನಿಲ್ಲಬೇಕಾಯಿತು. ಅದರ ಮೇಲೆ ವರ್ಷಕ್ಕೆ ಹಲವು ಚಿತ್ರಗಳ ದುಡಿಮೆ, ಖಾಸಗಿ ಬದುಕನ್ನು ಬೀದಿಗೆಳೆದ ಪತ್ರಿಕೆಗಳು, ನ್ಯಾಯಾಲಯದ ಪ್ರಕರಣ. 1931ರಲ್ಲಿ ಆರೋಗ್ಯ ಕುಸಿದು ಪ್ಯಾರಮೌಂಟನ್ನು ತೊರೆದಳು. ಅದೇ ವರ್ಷ ನಟ ರೆಕ್ಸ್ ಬೆಲ್‌ನನ್ನು ವರಿಸಿ ನೆವಾಡಾದ ಜಾನುವಾರು ಸಾಕಣೆಯ ತೋಟದಲ್ಲಿ ನೆಲೆಸಿದಳು. 46 ಮೂಕಿಚಿತ್ರ, 11 ವಾಕ್ಚಿತ್ರಗಳ ಬಳಿಕ 'ಹೂಪ್-ಲಾ' (1933) ಕಡೆಯದಾಯಿತು; ಆಗ ಆಕೆಗೆ ವಯಸ್ಸು ಇಪ್ಪತ್ತೆಂಟು. ಇಬ್ಬರು ಗಂಡುಮಕ್ಕಳ ತಾಯಿಯಾದಳು. ಮನೋವ್ಯಾಧಿ ಮರುಕಳಿಸಿ 1949ರಲ್ಲಿ ಆಸ್ಪತ್ರೆ ಸೇರಬೇಕಾಯಿತು. ಕೊನೆಯ ವರ್ಷಗಳನ್ನು ಲಾಸ್ ಏಂಜಲೀಸ್‌ನಲ್ಲಿ ಒಂಟಿಯಾಗಿ ಕಳೆದು, 1965ರ ಸೆಪ್ಟೆಂಬರ್ 27ರಂದು ತೀರಿಕೊಂಡಳು.

ಕಳೆದೇಹೋಯಿತೆಂದು ಭಾವಿಸಲಾಗಿದ್ದ 'ಇಟ್'ನ ಪ್ರತಿ 1960ರ ದಶಕದಲ್ಲಿ ಪ್ರಾಗ್ ನಗರದಲ್ಲಿ ದೊರೆಯಿತು. ಆದರೂ ಮೂಕಿಚಿತ್ರಗಳ ಬಗೆಗೆ ಕೆವಿನ್ ಬ್ರೌನ್‌ಲೋ 1968ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಬೋಗೆ ಸ್ಥಾನ ಸಿಗಲಿಲ್ಲ. ಈ ಲೋಪವನ್ನು ಆಕ್ಷೇಪಿಸಿದವರು ಮತ್ತೊಬ್ಬ ಮೂಕಿಚಿತ್ರ ನಟಿ ಲೂಯಿಸ್ ಬ್ರೂಕ್ಸ್. ಬ್ರೌನ್‌ಲೋ ಅದನ್ನು ತಿದ್ದಿಕೊಂಡದ್ದು 1980ರ 'ಹಾಲಿವುಡ್' ದೂರದರ್ಶನ ಮಾಲಿಕೆಯಲ್ಲಿ. 2001ರಲ್ಲಿ 'ಇಟ್' ಅಮೆರಿಕೆಯ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.